ಒಂದೇ ಮನೆಯವರ ಬಸ್ಸು

ಸೇನೆಯ ವಾಹನ ವಿಭಾಗದಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ ಗುರುವಾಯನಕೆರೆಯ ಹತ್ತಿರದ ಒಂದು ಶಾಲೆಯಲ್ಲಿ ಬಸ್ಸುಗಳ ಉಸ್ತುವಾರಿ ನನಗೆ ಸಿಕ್ಕಿತು. ಒಂದು ಬಸ್ಸು ಬೆಳ್ತಂಗಡಿಗೆ, ಒಂದು ಬಂಟ್ವಾಳದ ಕಡೆಗೆ, ಇನ್ನೊಂದು ವೇಣೂರು, ಮೂಡುಬಿದಿರೆ ದಾಟಿ ಬೆಳುವಾಯಿಯವರೆಗೆ ಹೋಗುತ್ತಿತ್ತು. ಮಕ್ಕಳನ್ನು ಕರೆತರಲು ಹೊರಡುವ ಮೊದಲು ಬಸ್ಸುಗಳು ಸಾಲಾಗಿ ನಿಲ್ಲಬೇಕು. ಟಯರು, ಬ್ರೇಕು, ಲೈಟು, ಹಾರ್ನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎಲ್ಲವನ್ನೂ ಆಯಾ ಬಸ್ಸಿನವರು ನೋಡಿ ನನಗೆ ಹೇಳಬೇಕು. ಆಮೇಲೆಯೇ ಗೇಟು ತೆರೆಯುವುದು. ಈ ಕ್ರಮವನ್ನು ನಾನು ಬಂದ ವಾರವೇ ಜಾರಿಗೆ ತಂದೆ. ಯಾರೂ ಗೊಣಗಲಿಲ್ಲ.

ಗೊಣಗದಿರಲು ಕಾರಣವಿತ್ತು. ಬೆಳುವಾಯಿ ಬಸ್ಸಿನ ಹಿರಿಯ ಡ್ರೈವರ್ ಒಪ್ಪಿದರೆ ಉಳಿದವರೆಲ್ಲ ಒಪ್ಪಿದಂತೆ. ಶಾಲೆ ಶುರುವಾದಾಗಿನಿಂದ ಇದ್ದವರು ಅವರು. ಒಬ್ಬೊಬ್ಬರನ್ನಾಗಿ ಕೆಲಸಕ್ಕೆ ಸೇರಿಸಿದ್ದೂ ಅವರೇ. ಅವರ ಬಸ್ಸಿನ ಸಹಾಯಕ ಅವರ ಸ್ವಂತ ಅಕ್ಕನ ಮಗ. ಬೆಳ್ತಂಗಡಿ ಬಸ್ಸಿನ ಡ್ರೈವರ್ ದೊಡ್ಡಮ್ಮನ ಮಗಳ ಮಗ. ಬೇರೆಯವರೂ ಒಂದಲ್ಲ ಒಂದು ಬಗೆಯಲ್ಲಿ ಅದೇ ಮನೆಯವರು. ಹಾಗಾಗಿ ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ಕೇಳಿ ಕೇಳಿ ಮಕ್ಕಳೂ ಟೀಚರುಗಳೂ ಮಾವ ಎಂದೇ ಕರೆಯತೊಡಗಿದ್ದರು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ನಮ್ಮ ತುಳುನಾಡಿನಲ್ಲಿ ತಾಯಿಯ ಅಣ್ಣತಮ್ಮಂದಿರ ಮಾತಿಗೆ ಇರುವ ತೂಕ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಮಾವ ಮಾತಾಡುವಾಗ ಅಳಿಯ ಎದುರು ನಿಲ್ಲುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತಾನೆ.

ನನಗೆ ಈ ಏರ್ಪಾಡು ಹಿಡಿಸಿತ್ತು. ಒಬ್ಬರಿಗೆ ಹೇಳಿದರೆ ಸಾಕು, ಕೆಲಸ ನಡೆಯುತ್ತಿತ್ತು. ತೊಂದರೆ ಬಂದದ್ದು ಆ ಮನೆಯ ಹಿರಿಯ ಅಜ್ಜಿಯೊಬ್ಬರು ತೀರಿಕೊಂಡಾಗ. ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ಎಲ್ಲರಿಗೂ ಒಟ್ಟಿಗೆ ರಜೆ ಬೇಕಾಯಿತು. ಬಸ್ಸುಗಳೆಲ್ಲ ಶೆಡ್ಡಿನಲ್ಲಿ ನಿಂತವು, ಮಕ್ಕಳು ರಸ್ತೆಬದಿಯಲ್ಲಿ ನಿಂತರು. ಆಡಳಿತ ನೋಡಿಕೊಳ್ಳುತ್ತಿದ್ದ ಮೇಡಂ ನನ್ನನ್ನು ಕರೆಸಿದರು. ನನ್ನ ಮಗಳ ವಯಸ್ಸಿನವರು, ಮಂಗಳೂರಿನಲ್ಲಿ ಯಾವುದೋ ತರಬೇತಿ ಮುಗಿಸಿಕೊಂಡು ಆಗಷ್ಟೇ ಬಂದಿದ್ದರು.

"ಸರ್, ಇದು ನಮ್ಮ ಶಾಲೆಯ ಬಸ್ಸಾ, ಅವರ ಮನೆಯ ಬಸ್ಸಾ?" ಎಂದರು.

"ಸಾವು ಹೇಳಿ ಬರುವುದಿಲ್ಲ, ಮೇಡಂ."

"ಸಾವು ಹೇಳಿ ಬರುವುದಿಲ್ಲ. ಆದರೆ ಕೆಲಸಕ್ಕೆ ಜನ ತೆಗೊಳ್ಳುವಾಗ ನಾವು ಯೋಚನೆ ಮಾಡಬಹುದಲ್ವಾ? ಇನ್ನು ಮೇಲೆ ಬೇರೆ ಬೇರೆ ಊರಿನವರು, ಬೇರೆ ಬೇರೆ ಜಾತಿ ಧರ್ಮದವರು, ಹೆಂಗಸರು, ಎಲ್ಲರೂ ಇರ್ಲಿ. ತಂಡ ಹಾಗಿದ್ದರೇ ಗಟ್ಟಿ."

ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸುತ್ತಿದ್ದಾರೆ ಎಂದುಕೊಂಡೆ. ನಾನು ಎಲ್ಲ ಕಡೆಯ ಜನ ಇದ್ದ ಪಡೆಯಲ್ಲಿ ದುಡಿದವನು. ಅಲ್ಲಿ ಅನ್ನ ಮೊದಲೋ ಚಪಾತಿ ಮೊದಲೋ ಎಂಬುದಕ್ಕೂ ಜಗಳ ನಡೆದದ್ದನ್ನು ನೋಡಿದ್ದೇನೆ. ಬೇರೆ ಬೇರೆಯವರನ್ನು ಒಂದೆಡೆ ಹಾಕಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಇನ್ನೊಂದು ಅನುಮಾನವೂ ಇತ್ತು. ಬಸ್ಸಿನವರು ನನ್ನ ಮಾತು ಕೇಳುತ್ತಾರೆ, ಮೇಡಂ ಮಾತು ಕೇಳುವುದಿಲ್ಲ. ಈ ಕಟ್ಟನ್ನು ಸಡಿಲಿಸುವುದೇ ಅವರ ಉದ್ದೇಶವಿರಬಹುದೇ?

ಉದ್ದೇಶ ಏನೇ ಇರಲಿ, ಇಬ್ಬರು ಹೊಸಬರು ಬಂದರು. ಹಳೆಯ ಡ್ರೈವರ್ ಬಿಟ್ಟುಹೋಗಿದ್ದ ಬಂಟ್ವಾಳದ ಬಸ್ಸಿಗೆ ಬಾಗಲಕೋಟೆ ಕಡೆಯ ಡ್ರೈವರ್ ಒಬ್ಬ. ಘಟ್ಟದ ಮೇಲಿನ ಊರಿನವನೆಂದು ನಮ್ಮವರು ಅವನನ್ನು "ಘಟ್ಟದವ" ಎಂದುಬಿಟ್ಟರು. ಬೆಳುವಾಯಿ ಬಸ್ಸಿಗೆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸು. ಆಕೆ ನರಿಕೊಂಬಿನವರು, ಕ್ರೈಸ್ತರು. ಕುವೈಟಿನಲ್ಲೂ ಶಾಲೆಯ ಬಸ್ಸಿನಲ್ಲೇ ಕೆಲಸ ಮಾಡಿ ಬಂದವರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಅವರೂ ಎಲ್ಲರಿಗೂ ಬಾಯಮ್ಮ ಆದರು. ಕೊಂಕಣಿ ಮನೆಮಾತಾದರೂ ತುಳು ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು.

ಮೊದಲ ದಿನವೇ ಮಾವನ ಬಸ್ಸಿನ ಸಹಾಯಕನಾಗಿದ್ದ ಅಳಿಯ ಕೆಣಕಿದ. "ಬಾಯಮ್ಮ, ಕುವೈಟಿನಲ್ಲಿ ಒಂಟೆಗೂ ಸೀಟ್ ಬೆಲ್ಟ್ ಉಂಟಂತಲ್ಲ?"

"ಉಂಟು ಮಾರಾಯ. ಆದರೆ ಒಂಟೆಗೆ ಒಮ್ಮೆ ಹೇಳಿದ್ರೆ ಸಾಕಾಗ್ತದೆ," ಎಂದು ಅವರು ಅವನ ಬೆಲ್ಟನ್ನು ಎಳೆದು ಸಿಕ್ಕಿಸಿದರು.

ಸುತ್ತ ನಿಂತವರು ನಕ್ಕರು. ಅಳಿಯ ನಗಲಿಲ್ಲ. ಅಂದಿನಿಂದ ಊಟದ ಹೊತ್ತಿಗೆ ಮನೆಯವರೆಲ್ಲ ಶೆಡ್ಡಿನ ಒಂದು ಬದಿ, ಹೊಸಬರಿಬ್ಬರು ಇನ್ನೊಂದು ಬದಿ. ಆ ಹೊಸಬರೂ ಒಟ್ಟಿಗೆ ಕುಳಿತವರಲ್ಲ. ಬಾಗಲಕೋಟೆಯವನು ರೊಟ್ಟಿಯ ಡಬ್ಬಿ ಹಿಡಿದು ನೀರಿನ ಟ್ಯಾಂಕಿನ ಹತ್ತಿರ ಹೋಗುತ್ತಿದ್ದ. ಬಾಯಮ್ಮನ ಡಬ್ಬಿಯಲ್ಲಿ ಮೀನಿದ್ದರೆ ಅವನಿಗೆ ಆಗುತ್ತಿರಲಿಲ್ಲ. ಗಟ್ಟಿಯಾದ ತಂಡವಂತೆ, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಕೆಲವು ದಿನಗಳಲ್ಲಿ ಒಂದು ವಿಷಯ ನನ್ನ ಗಮನಕ್ಕೆ ಬಂತು. ಬಾಯಮ್ಮ ಬಂದ ಮೇಲೆ ಬೆಳುವಾಯಿ ಬಸ್ಸಿಗೆ ಇಬ್ಬರು ಸಹಾಯಕರಾಗಿದ್ದರು. ಅಳಿಯನನ್ನು ಬೆಳ್ತಂಗಡಿ ಬಸ್ಸಿಗೆ ಹಾಕುತ್ತೇನೆಂದೆ. ಆಯಿತು ಸರ್ ಎಂದ. ಮರುದಿನ ಮತ್ತೆ ಮಾವನ ಬಸ್ಸಿನಲ್ಲೇ ಇದ್ದ. ಕೇಳಿದರೆ, ಬೆಳ್ತಂಗಡಿಯವರು ಬೇಡವೆಂದರು ಎಂದ. ಅವರನ್ನು ಕೇಳಿದರೆ, ಅವನು ತನ್ನ ಬಸ್ಸಿನಲ್ಲೇ ಇರಲಿ ಎಂದು ಮಾವ ಹೇಳಿದರು ಎಂದರು. ಅವನು ನಿಲ್ಲುತ್ತಿದ್ದ ಜಾಗವೂ ಸರಿಯಿರಲಿಲ್ಲ. ಸಹಾಯಕನ ಜಾಗ ಬಾಗಿಲು. ಅವನು ಯಾವಾಗಲೂ ಮಾವನ ಎಡಭುಜದ ಬಳಿ ಬಾಗಿ ನಿಂತಿರುತ್ತಿದ್ದ. ಸೀಟಿ ಊದುವುದೂ ಇಲ್ಲ, ಬಸ್ಸಿನ ಮೈ ತಟ್ಟುವುದೂ ಇಲ್ಲ. ಏನೋ ಪಿಸುಮಾತು ನಡೆಯುತ್ತಲೇ ಇರುತ್ತಿತ್ತು.

ಡೀಸೆಲು ಕದಿಯುತ್ತಿರಬಹುದೆಂದು ಮೊದಲು ಅನಿಸಿತು. ಟ್ಯಾಂಕು ನೋಡಿದೆ, ಸರಿಯಿತ್ತು. ದಾರಿಯಲ್ಲಿ ಯಾರದೋ ಪಾರ್ಸೆಲು ಸಾಗಿಸುತ್ತಿರಬಹುದೆಂದು ಸೀಟುಗಳ ಕೆಳಗೆ ಹುಡುಕಿದೆ. ಮಕ್ಕಳ ನೀರಿನ ಬಾಟಲಿ ಮಾತ್ರ ಸಿಕ್ಕಿತು. ಮಾವ ಕುಡಿಯುತ್ತಾರೋ ಎಂದು ಬೆಳಿಗ್ಗೆ ಹತ್ತಿರ ನಿಂತು ಮಾತಾಡಿಸಿದೆ. ಬಾಯಿಯಲ್ಲಿ ವೀಳ್ಯದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಏನೋ ಇತ್ತು. ಶಾಲೆಯ ವಾರ್ಷಿಕೋತ್ಸವದ ಸಂಜೆ ಮಕ್ಕಳನ್ನು ತಡವಾಗಿ ಬಿಡಬೇಕಾದಾಗ ಮಾವ ಮೊಣಕಾಲು ನೋವೆಂದು ಒಲ್ಲೆ ಎಂದಿದ್ದರು. ಮಳೆ ಬಂದ ದಿನ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ತಡವಾಗಿ ಬರುತ್ತಿದ್ದರು. ಬಸ್ಸಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದೆ. ಎಲ್ಲರದೂ ಒಂದೇ ಉತ್ತರ, ಒಂದೇ ಧಾಟಿ: "ಮಾವನ ಬಸ್ಸಿನಲ್ಲಿ ಎಂತ ತೊಂದರೆ ಉಂಟು ಸರ್? ಇಷ್ಟು ವರ್ಷದಲ್ಲಿ ಒಂದು ಗೀರು ಬಿದ್ದದ್ದುಂಟಾ?" ಬಿದ್ದದ್ದಿಲ್ಲ, ನಿಜ. ಆದರೆ ಅಷ್ಟು ಜನ ಒಂದೇ ಶಬ್ದ ಬಳಸಿ ಉತ್ತರ ಕೊಟ್ಟರೆ, ಮೊದಲೇ ಕೂತು ಮಾತಾಡಿಕೊಂಡಿದ್ದಾರೆ ಎಂದೇ ಅರ್ಥ.

ಅಷ್ಟರಲ್ಲಿ ಬೆಳ್ತಂಗಡಿ ಬಸ್ಸಿನ ಡ್ರೈವರ್ ನನ್ನ ಕಿವಿಗೆ ಇನ್ನೊಂದು ಸುದ್ದಿ ಹಾಕಿದ. "ಸರ್, ನಿಮಗೆ ಗೊತ್ತಿರ್ಲಿ ಅಂತ ಹೇಳ್ತೇನೆ. ಆ ಬಾಯಮ್ಮನ ತಮ್ಮ ಗಲ್ಫಿನಿಂದ ಬಂದು ಮನೆಯಲ್ಲಿ ಕೂತಿದ್ದಾನೆ. ಹೆವಿ ಲೈಸೆನ್ಸ್ ಉಂಟು. ಮಾವನ ಸೀಟಿನ ಮೇಲೆ ಅವರಿಗೆ ಕಣ್ಣು."

ಹೀಗಾಗಿ ಒಂದು ಬೆಳಿಗ್ಗೆ ಬಾಯಮ್ಮ ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಂತಾಗ, ನಾನು ಅವರ ಮಾತನ್ನು ಅರ್ಧ ಕಿವಿಯಲ್ಲೇ ಕೇಳಲು ಸಿದ್ಧನಾಗಿದ್ದೆ.

"ಸರ್, ಮಾವನಿಗೆ ಕಣ್ಣು ಕಾಣುದಿಲ್ಲ," ಎಂದರು.

"ಯಾರು ಹೇಳಿದ್ದು?"

"ಯಾರು ಹೇಳ್ತಾರೆ ಇಲ್ಲಿ? ನಾನೇ ನೋಡಿದ್ದು. ಅಳಿಯ ಕಿವಿಯ ಹತ್ತಿರ ಹೇಳುದು ಎಂತ ಗೊತ್ತುಂಟಾ ನಿಮಗೆ? ಮಾವ ಎಡಕ್ಕೆ ಹೊಂಡ, ಮಾವ ಎದುರು ಟಿಪ್ಪರ್, ಮಾವ ದನ. ನಾನು ಸುಮ್ಮನೆ ಅಭ್ಯಾಸ ಅಂತ ಗ್ರಹಿಸಿದ್ದೆ. ನಿನ್ನೆ ಅವನು ಜ್ವರ ಅಂತ ಬರ್ಲಿಲ್ಲ. ಮಾವ ನನ್ನನ್ನು ಕರೆದು ಎದುರು ಕೂರಿಸಿ, ಬಾಯಮ್ಮ, ಎದುರಿಂದ ಬರುದು ಬಸ್ಸಾ ಲಾರಿಯಾ ಅಂತ ಕೇಳ್ತಾರೆ! ಬಸ್ಸು ತುಂಬ ಮಕ್ಕಳು, ಸರ್."

"ನಿಮ್ಮ ತಮ್ಮನಿಗೆ ಹೆವಿ ಲೈಸೆನ್ಸ್ ಉಂಟಂತೆ?" ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. "ಉಂಟು. ಅದಕ್ಕೂ ಮಾವನ ಕಣ್ಣಿಗೂ ಎಂತ ಸಂಬಂಧ?"

ಸಂಬಂಧ ಇದ್ದೇ ಇರಬಹುದು ಎಂದು ನನಗೆ ಅನಿಸಿತು. ಆದರೆ ಸುಳ್ಳೆಂದು ತಳ್ಳಿಹಾಕುವಂಥ ವಿಷಯವಲ್ಲ. ಬಾಗಲಕೋಟೆಯ ಡ್ರೈವರನನ್ನು ಕರೆದೆ. ಅವನಿಗೆ ಮಾವನ ಮೇಲೆ ಪ್ರೀತಿಯೂ ಇಲ್ಲ, ಬಾಯಮ್ಮನ ಜೊತೆ ಮಾತುಕತೆಯೂ ಇಲ್ಲ. ಕಣ್ಣಿನ ವಿಷಯ ಎತ್ತದೆ, ಮಾವನ ಡ್ರೈವಿಂಗ್ ಹೇಗೆ ಎಂದಷ್ಟೇ ಕೇಳಿದೆ.

"ದೊಡ್ಡವರ ಬಗ್ಗೆ ನಾ ಏನ್ ಹೇಳ್ಲಿ ಬಿಡ್ರಿ ಸರ," ಎಂದ.

"ನೋಡಿದ್ದು ಹೇಳು."

"ನೋಡಿದ್ದು ಅಂದ್ರ... ರಿವರ್ಸ್ ತಗೋಬೇಕಾದ್ರ ಅವರು ಕನ್ನಡಿ ನೋಡಂಗಿಲ್ರಿ. ಅಳಿಯ ಹೂಂ ಅಂದ್ರ ಹಿಂದ ಬರ್ತಾರ, ಇಲ್ಲಂದ್ರ ನಿಂದರ್ತಾರ. ನನಗ ಯಾಕೋ ಸರಿ ಅನ್ಸಲಿಲ್ಲ. ಆದ್ರ ನಾ ಹೊರಗಿನವ, ನನ್ನ ಮಾತು ಯಾರ್ ಕೇಳ್ತಾರಿ?"

ಒಬ್ಬರನ್ನೊಬ್ಬರು ಅರಿಯದ, ಒಬ್ಬರಿಗೊಬ್ಬರು ಬೇಕಾಗಿಲ್ಲದ ಇಬ್ಬರು ಎರಡು ದಿಕ್ಕಿನಿಂದ ಬಂದು ಒಂದೇ ಕಡೆ ಬೆರಳು ತೋರಿಸಿದ್ದರು. ಒಂದು ಮನೆಯ ಅಷ್ಟೂ ಜನ ಕೊಟ್ಟ ಉತ್ತರಕ್ಕಿಂತ ಇದು ನನಗೆ ಭಾರವಾಗಿ ಕಂಡಿತು. ಆದರೂ ಕೇಳಿದ ಮಾತಿನ ಮೇಲೆ ಒಬ್ಬ ಡ್ರೈವರನ ಅನ್ನ ಕೀಳುವುದು ಸರಿಯಲ್ಲ. ಮರುದಿನ ಯಾರಿಗೂ ಮೊದಲೇ ಹೇಳದೆ ಬೆಳುವಾಯಿ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆ.

"ಇವತ್ತು ನಾನೂ ಬರುವ ಅಂತ," ಎಂದೆ. ಜ್ವರ ಬಿಟ್ಟು ಬಂದಿದ್ದ ಅಳಿಯನಿಗೆ ಹಿಂದಿನ ಸೀಟು ತೋರಿಸಿದೆ. ಅವನು ಮಾವನ ಮುಖ ನೋಡಿದ. ಮಾವ ಎಂಜಿನ್ ಚಾಲು ಮಾಡಿದರು. ಬಾಯಮ್ಮ ಬಾಗಿಲ ಬಳಿ ನಿಂತರು.

ಬೆಳುವಾಯಿಯವರೆಗೆ ಹೋಗುವಾಗ ನನಗೇ ನನ್ನ ಮೇಲೆ ಅನುಮಾನ ಬರುವಷ್ಟು ಚೆನ್ನಾಗಿ ಓಡಿಸಿದರು. ಪ್ರತಿ ತಿರುವಿಗೂ ಹಾರ್ನು, ಪ್ರತಿ ಉಬ್ಬಿಗೂ ಗೇರು. ಹಿಂದಿರುಗುವಾಗ ಮಕ್ಕಳು ಹತ್ತುವ ಒಂದೊಂದು ಜಾಗದಲ್ಲೂ ಬಾಗಿಲು ಸರಿಯಾಗಿ ಮಕ್ಕಳ ಎದುರಿಗೇ ಬಂದು ನಿಲ್ಲುತ್ತಿತ್ತು. ದಾರಿ ಅವರ ಕೈಗೆ ಬಾಯಿಪಾಠವಾಗಿತ್ತು. ಮೂಡುಬಿದಿರೆ ದಾಟಿದ ಮೇಲೆ ಬಿಸಿಲು ಎದುರಿನಿಂದ ಬಿತ್ತು. ಮಾವ ಕುತ್ತಿಗೆ ಮುಂದೆ ಚಾಚಿದರು. ಮುಂದೆ ಒಂದು ಕಡೆ ಮೋರಿಯ ಕೆಲಸ ನಡೆಯುತ್ತಿತ್ತು. ಹಾಗಾಗಿ ಅಲ್ಲಿ ಹತ್ತುವ ಮಗು ಎಂದಿನ ಜಾಗ ಬಿಟ್ಟು ತಿರುವಿನ ಈಚೆಗೇ, ರಸ್ತೆಯ ಅಂಚಿಗೆ ತಾಗಿ ನಿಂತು ಕೈಯೆತ್ತಿತ್ತು. ನನಗೆ ದೂರದಿಂದಲೇ ಕಂಡಿತು. ಬಸ್ಸು ನಿಧಾನವಾಗಲಿಲ್ಲ. ಎಡಚಕ್ರ ಅಂಚಿಗೇ ಹೋಗುತ್ತಿತ್ತು.

"ನಿಲ್ಲಿಸಿ!" ಎಂದು ನಾನು ಕೂಗಿದ್ದೂ ಬಾಯಮ್ಮ ಕೂಗಿದ್ದೂ ಒಟ್ಟಿಗೆ ಆಯಿತು.

ಬಸ್ಸು ನಿಂತಿತು. ಮಗು ಹೆದರಿ ಹಿಂದಕ್ಕೆ ಹಾರಿತ್ತು, ಏನೂ ಆಗಿರಲಿಲ್ಲ. ಬಾಯಮ್ಮ ಇಳಿದು ಕೈ ಹಿಡಿದುಕೊಂಡರು.

"ಕಂಡಿತ್ತು ಸರ್," ಎಂದರು ಮಾವ, ನಾನು ಕೇಳುವ ಮೊದಲೇ. "ಅವ ಅಲ್ಲಿ ಯಾಕೆ ನಿಂತ ಅಂತ ಗೊತ್ತಾಗ್ಲಿಲ್ಲ."

"ಅವನಲ್ಲ ಮಾವ. ಹುಡುಗಿ. ಎರಡು ಜಡೆ, ಕೆಂಪು ರಿಬ್ಬನ್."

ಅವರು ಸ್ಟೀರಿಂಗ್ ಮೇಲಿಂದ ಕೈ ತೆಗೆದರು. ನಾನು ಕೇಳದೆಯೇ ಬೀಗದ ಕೈ ತಿರುಗಿಸಿ ತೆಗೆದು ನನ್ನ ಕೈಯಲ್ಲಿಟ್ಟರು.

ಶಾಲೆಗೆ ಫೋನು ಮಾಡಿ ಬೇರೆ ಡ್ರೈವರನನ್ನು ಕಳುಹಿಸಲು ಹೇಳಿದೆ. ಬಾಯಮ್ಮ ಮಕ್ಕಳನ್ನು ಹತ್ತಿರದ ಬಸ್ ತಂಗುದಾಣದಲ್ಲಿ ಕೂರಿಸಿ ಮಗ್ಗಿ ಹೇಳಿಸತೊಡಗಿದರು. ಮಾವ ಮೋರಿಯ ಕಟ್ಟೆಯ ಮೇಲೆ ಕುಳಿತರು. ಅಳಿಯನನ್ನು ನಾನು ಬಸ್ಸಿನ ಹಿಂದಕ್ಕೆ ಕರೆದೊಯ್ದೆ.

"ಯಾವಾಗಿನಿಂದ?"

"ಕಳೆದ ಮಳೆಗಾಲದಿಂದ ಸರ್. ಸಕ್ಕರೆ ಕಾಯಿಲೆ ಉಂಟಲ್ಲ, ಅದರಿಂದ."

"ಎಲ್ಲರಿಗೂ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ?"

"ಮತ್ತೆ ಯಾರೂ ಯಾಕೆ ಹೇಳಲಿಲ್ಲ?"

ಅವನು ಸಿಟ್ಟಿನಿಂದಲೇ ಉತ್ತರಿಸಿದ. "ಹೇಗೆ ಹೇಳುದು ಸರ್? ನನ್ನ ಅಪ್ಪ ಸತ್ತ ಮೇಲೆ ಸಾಕಿದ್ದು ಮಾವ. ಈ ಕೆಲಸ ಕೊಡಿಸಿದ್ದು ಮಾವ. ಅವರ ಎದುರು ನಿಂತು ನಿಮಗೆ ಕಣ್ಣಿಲ್ಲ, ಇಳಿಯಿರಿ ಅಂತ ಹೇಳುದಾ? ನಿಮ್ಮ ಮನೆಯಲ್ಲಿ ನೀವು ಹೇಳ್ತೀರಾ? ಅದಕ್ಕೆ ನಾನು ಅವರ ಕಣ್ಣಾಗಿ ನಿಂತೆ. ಅದು ತಪ್ಪಾ?"

ತಪ್ಪು ಎಂದೆ. ಆದರೆ ನಮ್ಮ ಮನೆಯಲ್ಲಾದರೆ ನಾನೂ ಹೇಳುತ್ತಿದ್ದೆನೋ ಇಲ್ಲವೋ. ಅವರು ದುಷ್ಟರಲ್ಲ. ಒಬ್ಬ ಹಿರಿಯನ ಮಾನ ಉಳಿಸಲು ಬಸ್ಸು ತುಂಬ ಮಕ್ಕಳನ್ನು ಒತ್ತೆಯಿಟ್ಟಿದ್ದರು, ಅದು ಒತ್ತೆಯೆಂದು ಅವರಿಗೆ ಹೊಳೆದೇ ಇರಲಿಲ್ಲ. ಮಾವ ಯಾರಿಗೆ ಮಾವನಲ್ಲವೋ ಅವರು ಮಾತ್ರ ಅದನ್ನು ಕಂಡು ಬಾಯಿಬಿಡಬಹುದಾಗಿತ್ತು. ಅಂಥವರು ನಮ್ಮಲ್ಲಿ ಅಲ್ಲಿಯವರೆಗೆ ಇರಲೇ ಇಲ್ಲ.

ಮೂಡುಬಿದಿರೆಯ ಕಣ್ಣಿನ ಡಾಕ್ಟರು ಪರೀಕ್ಷಿಸಿ, ಚಿಕಿತ್ಸೆಯಿಂದ ಸ್ವಲ್ಪ ಸುಧಾರಿಸಬಹುದು, ದೊಡ್ಡ ವಾಹನ ಮಾತ್ರ ಇನ್ನು ಮುಟ್ಟಬಾರದು ಎಂದರು. ಮೇಡಂ ಮಾವನನ್ನು ಮನೆಗೆ ಕಳುಹಿಸಬೇಕೆಂದರು. ಬೇಡ, ಶೆಡ್ಡಿನಲ್ಲಿ ಇರಲಿ, ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಏನಾಗಿದೆ ಎಂದು ಹೇಳಬಲ್ಲವರು ಎಂದು ನಾನು ಪಟ್ಟು ಹಿಡಿದೆ. ಅದಕ್ಕೆ ಮೇಡಂ ಒಪ್ಪಿದ ದಿನವೇ, ಮಾವನನ್ನು ಡ್ರೈವರ್ ಸೀಟಿನಿಂದ ಇಳಿಸಿದರೆಂಬ ಸಿಟ್ಟಿಗೆ, ಆ ಮನೆಯವರೆಲ್ಲ ಕೆಲಸಕ್ಕೆ ಬರುವುದು ನಿಲ್ಲಿಸಿದರು. ಒಟ್ಟಿಗೆ ಎಲ್ಲರಿಗೂ ಹೊಟ್ಟೆನೋವು. ಬಾಗಲಕೋಟೆಯವನು ತನ್ನ ಸುತ್ತು ಮುಗಿಸಿ ಬಂದು ಬೆಳ್ತಂಗಡಿಗೂ ಹೋದ, ಬಾಯಮ್ಮ ಅವನ ಜೊತೆ ಎರಡೂ ಕಡೆ ಹೋದರು. ಹಿಂದೆ ಬೊಜ್ಜದ ದಿನದಂತೆ ಎಲ್ಲವೂ ನಿಂತುಹೋಗಲಿಲ್ಲ ಎಂಬುದನ್ನು ಮೇಡಂ ನನ್ನ ಎದುರು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಕೊನೆಗೆ ಮಾವನೇ ಎಲ್ಲರನ್ನೂ ಕರೆದುಕೊಂಡು ಬಂದರು. ಒಳ್ಳೆಯ ಮನಸ್ಸಿನಿಂದಲೋ, ತನ್ನ ಶೆಡ್ಡಿನ ಕೆಲಸವೂ ಹೋದೀತೆಂಬ ಭಯದಿಂದಲೋ, ನಾನು ಕೇಳಲಿಲ್ಲ.

ಅದಾದ ಮೇಲೆ ಬಾಯಮ್ಮ ಮತ್ತೆ ನನ್ನ ಮೇಜಿನ ಮುಂದೆ ಬಂದರು.

"ಸರ್, ಡ್ರೈವರ್ ಜಾಗ ಖಾಲಿ ಉಂಟಲ್ಲ. ನನ್ನ ತಮ್ಮ ಅರ್ಜಿ ಹಾಕ್ಲಾ?"

ಕಿವಿಗೆ ಬಿದ್ದಿದ್ದ ಸುದ್ದಿ ಹಾಗಾದರೆ ನಿಜವೇ ಆಗಿತ್ತು. ಅವರು ಹೇಳಿದ್ದ ಕಣ್ಣಿನ ವಿಷಯವೂ ನಿಜವಾಗಿತ್ತು.

"ಹಾಕಲಿ," ಎಂದೆ. "ಓಡಿಸಿ ತೋರಿಸಲಿ. ಆದರೆ ನಿಮ್ಮ ಬಸ್ಸಿನಲ್ಲಿ ಬೇಡ. ಇನ್ನು ಮೇಲೆ ಒಂದು ಬಸ್ಸಿನಲ್ಲಿ ಒಂದೇ ಮನೆಯ ಇಬ್ಬರು ಇರಬಾರದು."

"ನನ್ನ ಮೇಲೂ ಸಂಶಯವಾ ನಿಮಗೆ?"

"ಹೌದು."

"ಅಷ್ಟು ಚಂದ ಮಾಡಿ ಹೌದು ಅಂತೀರಲ್ಲ ಮಾರಾಯ್ರೆ," ಎಂದು ನಕ್ಕು ಹೋದರು.

ತಮ್ಮ ಚೆನ್ನಾಗಿಯೇ ಓಡಿಸಿದ. ಬಾಗಲಕೋಟೆಯವನನ್ನು ಬೆಳುವಾಯಿಗೆ ಹಾಕಿ, ತಮ್ಮನನ್ನು ಬಂಟ್ವಾಳದ ಬಸ್ಸಿಗೆ ಹಾಕಿದೆ. ಅಲ್ಲಿ ಅವನಿಗೆ ಸಹಾಯಕನಾಗಿ ಮಾವನ ಅಳಿಯ. ಕೆಲವು ವಾರ ಕಳೆದವು. ಒಂದು ಸಂಜೆ ಅಳಿಯ ಬಂದು ಬಾಗಿಲಲ್ಲಿ ನಿಂತ.

"ಸರ್, ಒಂದು ವಿಷಯ. ಹೊಸ ಡ್ರೈವರ್ ಓಡಿಸುವಾಗ ಫೋನಿನಲ್ಲಿ ಮಾತಾಡ್ತಾರೆ. ಮಕ್ಕಳು ಇರುವಾಗಲೇ."

"ಇದನ್ನು ಹೇಳಲಿಕ್ಕೆ ನಿನಗೆ ಕಷ್ಟ ಆಗಲಿಲ್ಲವಾ?"

"ಇವರೆಂತ ನನ್ನ ಮಾವನಾ?" ಎಂದ.

ಸೇಡು ತೀರಿಸುತ್ತಿದ್ದಾನೆಯೇ? ಇರಬಹುದು. ಆದರೆ ಸೇಡಿಗಾಗಿ ಹೇಳಿದ ಮಾತೂ ನಿಜವಾಗಿರಲು ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ, ಬಾಯಮ್ಮ ಬಾಗಿಲಲ್ಲಿ ನಿಂತಿದ್ದ ಬೆಳುವಾಯಿ ಬಸ್ಸು ಗೇಟು ದಾಟುತ್ತಿದ್ದ ಹೊತ್ತಿಗೆ, ನಾನು ಬಂಟ್ವಾಳದ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆ. ಮಡಂತ್ಯಾರು ದಾಟಿದ ಮೇಲೆ ಡ್ರೈವರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಾನು ಪಕ್ಕದಲ್ಲಿರುವುದು ಗೊತ್ತಿದ್ದೂ ಅವನ ಕೈ ತಾನಾಗಿ ಜೇಬಿಗೆ ಹೋಗಿ ಫೋನು ಹೊರಗೆ ಬಂತು. ಆಗ ನೆನಪಾಗಿ ನನ್ನ ಕಡೆ ನೋಡಿದ. ನಾನು ಕೈ ಚಾಚಿದೆ. ಕೊಟ್ಟ. ಅಳಿಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದ.

ಕಿವಿಗೆ ಹಿಡಿದೆ. ಆ ಕಡೆಯಿಂದ ಕೊಂಕಣಿಯಲ್ಲಿ ಅವಸರದ ದನಿ. ನನಗೆ ಅಷ್ಟು ಕೊಂಕಣಿ ಅರ್ಥವಾಗುತ್ತದೆ: ಸರ್ ನಿನ್ನ ಬಸ್ಸಿಗೆ ಹತ್ತಿದ್ದಾರೆ, ಇವತ್ತು ಫೋನು ಮುಟ್ಟಬೇಡ.

"ಹತ್ತಿದ್ದೇನೆ ಬಾಯಮ್ಮ," ಎಂದೆ. "ನೀವು ಮಕ್ಕಳನ್ನು ನೋಡಿಕೊಳ್ಳಿ."